ಕೊಂಬೆ ಕೊಡುವ ಮುನ್ನ, ಸಲಹೆ ಹೇಳುವ ಮುನ್ನ: ಕೈತೋಟ ಪ್ರಿಯರ ಒಡನಾಟದ ರೀತಿ-ನೀತಿ

ಮಳೆಗಾಲದ ರಾತ್ರಿ ಬೆಂಗಳೂರು ಅಥವಾ ಮೈಸೂರಿನ ಹಳೆಯ ಬಡಾವಣೆಯ ಮನೆಯೊಂದರ ಮುಂದೆ ನೆರೆಹೊರೆಯವರು ಸೇರಿದ್ದಾರೆಂದರೆ, ಬಹುಮಟ್ಟಿಗೆ ಅಲ್ಲಿ ಬ್ರಹ್ಮಕಮಲ ಅರಳುತ್ತಿದೆ ಎಂದೇ ತಿಳಿಯಬಹುದು. ಕತ್ತಲಾದ ಮೇಲೆ ಬಿರಿಯಲಾರಂಭಿಸಿ, ಬೆಳಗಾಗುವಷ್ಟರಲ್ಲಿ ಬಾಡಿ ಜೋತುಬೀಳುವ ಈ ಹೂವನ್ನು ಮನೆಯವರು ಮಾತ್ರ ನೋಡಿ ಮಲಗುವ ಪದ್ಧತಿಯಿಲ್ಲ. ಅಕ್ಕಪಕ್ಕದವರನ್ನು ಕರೆಯಲಾಗುತ್ತದೆ. ಬಂದವರು ಕೈಮುಗಿಯುತ್ತಾರೆ, ಕಾಫಿ ಕುಡಿಯುತ್ತಾರೆ, ಹೊರಡುವಾಗ "ನಮಗೂ ಒಂದು ಎಲೆ ಕೊಡಿ" ಎಂದು ಕೇಳುತ್ತಾರೆ. ಒಂದು ಎಲೆಯಿಂದ ಒಂದು ಗಿಡ, ಆ ಗಿಡದಿಂದ ಮತ್ತೆ ಹತ್ತು ಮನೆಗೆ ಎಲೆ. ಹೀಗೆಯೇ ಈ ಗಿಡ ಊರು ತುಂಬಿದೆ.

ಕೈತೋಟ ಪ್ರಿಯರ ಒಡನಾಟದ ಎಲ್ಲ ಲಕ್ಷಣಗಳೂ ಈ ಒಂದು ರಾತ್ರಿಯಲ್ಲಿ ಅಡಕವಾಗಿವೆ: ಕರೆಯುವುದು, ನೋಡುವುದು, ಕೇಳುವುದು, ಕೊಡುವುದು, ಮಾತಾಡುವುದು. ಈ ಸ್ನೇಹಕ್ಕೆ ಬರೆದಿಟ್ಟ ನಿಯಮಾವಳಿ ಇಲ್ಲ. ಆದರೂ ಕೆಲವು ನಡವಳಿಕೆಗಳು ಅಗತ್ಯ. ಕೊಟ್ಟ ಗಿಡವೂ ಹೇಳಿದ ಸಲಹೆಯೂ ಬೇರೂರುವುದು ಇನ್ನೊಬ್ಬರ ಮಣ್ಣಿನಲ್ಲಿ. ಅಲ್ಲಿ ಅದು ಹೂ ಬಿಟ್ಟರೆ ಸಂತೋಷ, ರೋಗ ಹಬ್ಬಿಸಿದರೆ ನಷ್ಟ. ಆದ್ದರಿಂದ ತೋಟಗಾರರ ಸೌಜನ್ಯವೆಂದರೆ ಮಾತಿನ ಸವಿಯಷ್ಟೇ ಅಲ್ಲ, ಅದೊಂದು ಹೊಣೆಗಾರಿಕೆ.

ಹಳೆಯ ಪರಂಪರೆ

ಗಿಡಗಳ ವಿನಿಮಯ ಕರ್ನಾಟಕಕ್ಕೆ ಹೊಸದಲ್ಲ. 1760ರಲ್ಲಿ ಹೈದರ್ ಅಲಿ ಆರಂಭಿಸಿದ ಲಾಲ್‌ಬಾಗ್ ಮೊದಲಿನಿಂದಲೂ ದೂರದ ಊರುಗಳ ಸಸ್ಯಗಳನ್ನು ತಂದು ಒಗ್ಗಿಸುವ ತಾಣವಾಗಿತ್ತು. ಸೀಮೆಬದನೆ ಈ ಭಾಗದಲ್ಲಿ ಎಷ್ಟು ಒಗ್ಗಿತೆಂದರೆ, ತಮಿಳರೂ ತೆಲುಗರೂ ಅಮೆರಿಕ ಖಂಡ ಮೂಲದ ಆ ತರಕಾರಿಯನ್ನು ಇಂದಿಗೂ ಬೆಂಗಳೂರಿನ ಹೆಸರು ಸೇರಿಸಿಯೇ ಕರೆಯುತ್ತಾರೆ.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗೆಲ್ ಅವರ ಕಾಲದಲ್ಲಿ ಈ ಆಸಕ್ತಿ ಸಾರ್ವಜನಿಕರಿಗೂ ಹಬ್ಬಿತು. 1912ರಲ್ಲಿ ರೂಪುಗೊಂಡ ಮೈಸೂರು ಉದ್ಯಾನ ಕಲಾ ಸಂಘ ತೋಟಗಾರಿಕೆಯನ್ನು ಸರ್ಕಾರಿ ಇಲಾಖೆಯ ಆಚೆಗೂ ತಂದಿತು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಸಂದರ್ಭಗಳಲ್ಲಿ ಲಾಲ್‌ಬಾಗ್‌ನ ಗಾಜಿನ ಮನೆಯಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನ ಲಕ್ಷಾಂತರ ಜನರಿಗೆ ನೋಟದ ಹಬ್ಬವಾದರೆ, ನಿಜವಾದ ಗಿಡಪ್ರೇಮಿಗಳಿಗೆ ಪರಸ್ಪರ ಭೇಟಿಯ ಸಂದರ್ಭ.

ಅಂಗಳವಿದ್ದ ಮನೆಗಳ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಬಂದ ಮೇಲೆ ಕೈತೋಟ ತಾರಸಿಗೂ ಬಾಲ್ಕನಿಗೂ ಏರಿದೆ. ಹೊಸದಾಗಿ ಕುಂಡ ಹಿಡಿದವರಲ್ಲಿ ಅನೇಕರಿಗೆ ಮನೆಯ ಹಿರಿಯರಿಂದ ಕಲಿಯುವ ಅವಕಾಶ ಸಿಕ್ಕಿಲ್ಲ. ಅವರಿಗೆ ಸಹ ತೋಟಗಾರರೇ ಗುರುಗಳು. ಕೇಳುವ ಮತ್ತು ಹೇಳುವ ಕ್ರಮ ಮಹತ್ವ ಪಡೆದಿರುವುದು ಈ ಕಾರಣದಿಂದ.

ಕೇಳುವ ಕ್ರಮ

"ಎಲೆ ಹಳದಿಯಾಗುತ್ತಿದೆ, ಏನು ಮಾಡಲಿ?" ಕೈತೋಟದವರ ನಡುವೆ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಉತ್ತರಿಸಲು ಅತ್ಯಂತ ಕಷ್ಟವಾದುದೂ ಇದೇ. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ತುದಿಯ ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಅಂಶ ಗಿಡಕ್ಕೆ ದೊರೆಯುತ್ತಿಲ್ಲವೆಂದು ಊಹಿಸಬಹುದು. ಕ್ಷಾರಗುಣದ ಕೊಳವೆಬಾವಿ ನೀರು ಹಾಕುವ ಕಡೆ ಇದು ಸಾಮಾನ್ಯ. ಇಡೀ ಗಿಡವೇ ಸೊರಗಿ ಹಳದಿಯಾಗಿದ್ದರೆ ಕುಂಡದ ತಳದ ರಂಧ್ರ ಮುಚ್ಚಿ ಬೇರು ಕೊಳೆಯುತ್ತಿರುವ ಸಾಧ್ಯತೆ ಹೆಚ್ಚು. ಮೂರಕ್ಕೂ ಪರಿಹಾರ ಬೇರೆ ಬೇರೆ. ಕೊನೆಯದಕ್ಕೆ ಗೊಬ್ಬರ ಹಾಕಿದರೆ ಗಿಡ ಇನ್ನಷ್ಟು ಬೇಗ ಸಾಯುತ್ತದೆ.

ಮೆಣಸಿನ ಗಿಡದ ಎಲೆ ಮುಟುರುವ ತೊಂದರೆಯೂ ಹೀಗೆಯೇ. ಎಲೆಯ ಅಂಚು ಮೇಲ್ಮುಖವಾಗಿ ಮಡಚಿಕೊಂಡರೆ ಥ್ರಿಪ್ಸ್ ನುಸಿಯ ಬಾಧೆ, ಕೆಳಮುಖವಾಗಿ ಬಾಗಿದರೆ ಮೈಟ್ ನುಸಿಯ ಬಾಧೆ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. "ಮುಟುರಿದೆ" ಎಂದಷ್ಟೇ ಹೇಳಿದವರಿಗೆ ಸರಿಯಾದ ಉತ್ತರ ಸಿಗುವುದು ಅದೃಷ್ಟದ ಮಾತು.

ಆದ್ದರಿಂದ ಪ್ರಶ್ನೆ ಕೇಳುವವರು ಈ ಕೆಳಗಿನ ವಿವರಗಳನ್ನು ತಾವಾಗಿಯೇ ತಿಳಿಸುವುದು ಉತ್ತರಿಸುವವರ ಸಮಯಕ್ಕೆ ತೋರುವ ಗೌರವ:

- ಯಾವ ಊರು, ಗಿಡ ನೆಲದಲ್ಲಿದೆಯೋ ಕುಂಡದಲ್ಲಿದೆಯೋ, ಕುಂಡವಾದರೆ ಎಷ್ಟು ದೊಡ್ಡದು
- ದಿನಕ್ಕೆ ಎಷ್ಟು ಗಂಟೆ ನೇರ ಬಿಸಿಲು ಬೀಳುತ್ತದೆ
- ಯಾವ ನೀರು, ಎಷ್ಟು ದಿನಕ್ಕೊಮ್ಮೆ. ನೀರು ಬಸಿದು ಹೋಗುತ್ತದೆಯೇ
- ತೊಂದರೆ ಮೊದಲು ಕಂಡದ್ದು ಯಾವಾಗ, ಹಳೆಯ ಎಲೆಯಲ್ಲೋ ಚಿಗುರಿನಲ್ಲೋ
- ಎಲೆಯ ಅಡಿಭಾಗದಲ್ಲಿ ಏನಾದರೂ ಕಾಣುತ್ತಿದೆಯೇ
- ಈಗಾಗಲೇ ಏನು ಹಾಕಲಾಗಿದೆ

ಕೊನೆಯ ಅಂಶವನ್ನು ಮುಚ್ಚಿಡುವವರೇ ಹೆಚ್ಚು. ಅತಿಯಾಗಿ ಗೊಬ್ಬರ ಹಾಕಿ ಗಿಡ ಸುಟ್ಟುಕೊಂಡವರು ಸಂಕೋಚದಿಂದ ಅದನ್ನು ಹೇಳುವುದಿಲ್ಲ. ಆ ತಪ್ಪನ್ನು ಮಾಡದೆ ತೋಟಗಾರರಾದವರು ವಿರಳ ಎಂಬುದು ನೆನಪಿದ್ದರೆ ಸಂಕೋಚಕ್ಕೆ ಕಾರಣವಿರುವುದಿಲ್ಲ.

ಹೇಳುವ ಕ್ರಮ

ಸಲಹೆ ಕೊಡುವವರು ಮೊದಲು ತಿಳಿಸಬೇಕಾದದ್ದು ತಾವಿರುವ ಊರನ್ನು. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನಡೆಯುವ ಗುಲಾಬಿಯ ಆರೈಕೆ, ಮಳೆ ಸುರಿಯುವ ಮಂಗಳೂರಿಗಾಗಲಿ ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿಗಾಗಲಿ ಹೊಂದುವುದಿಲ್ಲ. "ಹೀಗೆ ಮಾಡಲೇಬೇಕು" ಎನ್ನುವುದಕ್ಕಿಂತ "ನಮ್ಮಲ್ಲಿ ಹೀಗೆ ಮಾಡಿದಾಗ ಫಲ ಸಿಕ್ಕಿತು" ಎನ್ನುವ ಮಾತು ಹೆಚ್ಚು ಪ್ರಾಮಾಣಿಕ, ಹೆಚ್ಚು ಉಪಯುಕ್ತ. ತಾನು ಮಾಡಿ ನೋಡಿದ್ದು ಯಾವುದು, ಬೇರೆಯವರಿಂದ ಕೇಳಿದ್ದು ಯಾವುದು ಎಂದು ಬಿಡಿಸಿ ಹೇಳಬೇಕು.

ಕೀಟನಾಶಕದ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಕನ್ನಡದಲ್ಲಿ ಗಿಡಕ್ಕೆ ವಿಷ ಸಿಂಪಡಿಸುವುದನ್ನೂ "ಔಷಧ ಹೊಡೆಯುವುದು" ಎನ್ನುತ್ತಾರೆ. ಆ ಪದವೇ ಅಪಾಯವನ್ನು ಮರೆಸುತ್ತದೆ. ಮೊನೊಕ್ರೊಟೊಫಾಸ್ ಕೀಟನಾಶಕವನ್ನು ತರಕಾರಿ ಬೆಳೆಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2005ರಲ್ಲೇ ನಿಷೇಧಿಸಿತು. ಎಂಡೋಸಲ್ಫಾನ್ ಬಳಕೆಗೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ದಕ್ಷಿಣ ಕನ್ನಡ ಹಾಗೂ ಕಾಸರಗೋಡಿನ ಗೇರು ತೋಟಗಳ ಆಸುಪಾಸಿನ ಕುಟುಂಬಗಳು ಪಟ್ಟ ಪಾಡು ಅದರ ಹಿಂದಿತ್ತು. ಹೆಸರು ಗೊತ್ತಿಲ್ಲದ ಪುಡಿಯನ್ನು "ಒಂದು ಚಮಚ ಹಾಕಿ ನೋಡಿ" ಎಂದು ಸೊಪ್ಪಿನ ಮಡಿಯವರಿಗೆ ಹೇಳುವುದು ಸ್ನೇಹವಲ್ಲ. ಯಾವುದೇ ರಾಸಾಯನಿಕಕ್ಕೆ ಅದರ ಚೀಟಿಯಲ್ಲಿ ಮುದ್ರಿತವಾದ ಬೆಳೆ, ಪ್ರಮಾಣ ಮತ್ತು ಸಿಂಪಡಣೆಯ ನಂತರ ಕೊಯ್ಲಿಗೆ ಕಾಯಬೇಕಾದ ದಿನಗಳೇ ಆಧಾರ. ತಿಳಿಯದಿದ್ದರೆ ತೋಟಗಾರಿಕೆ ಇಲಾಖೆಯನ್ನೋ ಕೃಷಿ ವಿಜ್ಞಾನ ಕೇಂದ್ರವನ್ನೋ ಕೇಳಲು ಸೂಚಿಸುವುದು ಉತ್ತಮ.

"ನೈಸರ್ಗಿಕ" ಎಂಬ ಮಾತೂ ನಿರಪಾಯದ ಮುದ್ರೆಯಲ್ಲ. ಹೊಗೆಸೊಪ್ಪಿನ ಕಷಾಯದಲ್ಲಿರುವ ನಿಕೋಟಿನ್ ತೀವ್ರ ವಿಷ. ಅಷ್ಟೇ ಅಲ್ಲ, ಹೊಗೆಸೊಪ್ಪಿನಲ್ಲಿರಬಹುದಾದ ಮೊಸಾಯಿಕ್ ನಂಜಾಣು ಅದೇ ಕುಟುಂಬಕ್ಕೆ ಸೇರಿದ ಟೊಮೆಟೊ, ಮೆಣಸಿನ ಗಿಡಗಳಿಗೂ ತಗಲುತ್ತದೆ. ಬೀಡಿ, ಸಿಗರೇಟು ಸೇದಿದವರು ಮತ್ತೊಬ್ಬರ ಟೊಮೆಟೊ ಗಿಡ ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯುವುದು ಹಳೆಯ ತೋಟಗಾರರಲ್ಲಿ ಮರ್ಯಾದೆಯ ಭಾಗ.

ಒಂದು ಹೆಸರು, ಎರಡು ಗಿಡ

ಮನೆಮನೆಯ "ಬ್ರಹ್ಮಕಮಲ" ವಾಸ್ತವವಾಗಿ ಮೆಕ್ಸಿಕೊ ಹಾಗೂ ಮಧ್ಯ ಅಮೆರಿಕ ಮೂಲದ ಕಳ್ಳಿಯ ಜಾತಿ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಎಪಿಫಿಲಮ್ ಆಕ್ಸಿಪೆಟಾಲಮ್ ಎಂದು ಹೆಸರು. ಎಲೆಯೆಂದು ಕರೆಯುವುದು ಅದರ ಚಪ್ಪಟೆ ಕಾಂಡವನ್ನು. ಹಿಮಾಲಯದ ಎತ್ತರದಲ್ಲಿ ಬೆಳೆಯುವ, ಉತ್ತರಾಖಂಡದ ರಾಜ್ಯಪುಷ್ಪವಾದ ಬ್ರಹ್ಮಕಮಲ ಬೇರೆಯೇ ಗಿಡ. ಇಲ್ಲಿ ಹೆಸರಿನ ಗೊಂದಲದಿಂದ ಯಾರಿಗೂ ಕೇಡಿಲ್ಲ. ಎಲ್ಲ ಕಡೆಯೂ ಹಾಗಲ್ಲ.

ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಡ್ಡಿಗಳು ಮನೆಯಿಂದ ಮನೆಗೆ ಹಂಚಿಕೆಯಾದವು. ಅದರ ಕಷಾಯ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿ ಕಂಡುಬಂದುದನ್ನು 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದರು. ಅಮೃತಬಳ್ಳಿಯನ್ನೇ ಹೋಲುವ, ಕಾಂಡದ ಮೇಲೆ ಗುಳ್ಳೆಗಳಂಥ ಉಬ್ಬುಗಳಿರುವ ಇನ್ನೊಂದು ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದೆಂದು ಆಯುಷ್ ಸಚಿವಾಲಯ ಹೇಳಿತು. ತಜ್ಞರ ನಡುವೆ ಇದು ವಾದಕ್ಕೂ ಕಾರಣವಾಯಿತು. ಕೈತೋಟದವರು ಇದರಿಂದ ಕಲಿಯಬೇಕಾದ ಪಾಠ ಸ್ಪಷ್ಟ: ಗಿಡ ಕೊಡಬಹುದು, ಅದರ ಜೊತೆಗೆ ವೈದ್ಯಕೀಯ ಸಲಹೆ ಕೊಡಬಾರದು. ಗುರುತು ಖಚಿತವಿಲ್ಲದಿದ್ದರೆ "ಖಚಿತವಿಲ್ಲ" ಎಂದು ಚೀಟಿಯಲ್ಲೇ ಬರೆಯಬೇಕು.

ಕಣಗಿಲೆಯ ಎಲ್ಲ ಭಾಗಗಳೂ ವಿಷ. ಅಲಂಕಾರಕ್ಕೆ ಬೆಳೆಸುವ ಡಿಫೆನ್‌ಬಾಕಿಯಾ ಎಲೆ ಅಗಿದರೆ ಬಾಯಿ, ನಾಲಿಗೆ ಊದಿಕೊಳ್ಳುತ್ತವೆ. ಪುಟ್ಟ ಮಕ್ಕಳಿರುವ ಮನೆಗೆ ಇಂಥವನ್ನು ಕೊಡುವಾಗ ಮೊದಲು ಹೇಳಬೇಕಾದದ್ದು ಹೂವಿನ ಬಣ್ಣವನ್ನಲ್ಲ, ಈ ಸಂಗತಿಯನ್ನು.

ಕಾಣದ ಅತಿಥಿಗಳು

ಕೊಂಬೆಯೊಂದಿಗೆ ಕೀಟವೂ ಮಣ್ಣಿನೊಂದಿಗೆ ಜಂತುವೂ ಪ್ರಯಾಣ ಮಾಡುತ್ತವೆ. ಪರಂಗಿ ಗಿಡವನ್ನು ಬಾಧಿಸುವ ಹಿಟ್ಟು ತಿಗಣೆ ಮೆಕ್ಸಿಕೊ ಹಾಗೂ ಮಧ್ಯ ಅಮೆರಿಕ ಮೂಲದ್ದು. ಭಾರತದಲ್ಲಿ 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲಿಗೆ ಕಾಣಿಸಿಕೊಂಡ ಇದು ಪರಂಗಿಯ ಜೊತೆಗೆ ಹಿಪ್ಪುನೇರಳೆ, ದಾಸವಾಳ ಮೊದಲಾದ ಗಿಡಗಳಿಗೂ ಹಬ್ಬಿತು. 2010ರಲ್ಲಿ ಹೊರದೇಶದಿಂದ ತರಿಸಿದ ಪರತಂತ್ರ ಕಣಜವನ್ನು ಬೆಂಗಳೂರಿನ ಸಂಶೋಧನಾ ಸಂಸ್ಥೆಯ ಮೂಲಕ ಬಿಡುಗಡೆ ಮಾಡಿದ ನಂತರವೇ ಹಾವಳಿ ಹತೋಟಿಗೆ ಬಂದಿತು. ಕುಂಡದ ಮಣ್ಣಿನಲ್ಲಿ ಬರುವ ಬೇರುಗಂಟು ಜಂತು ಕಣ್ಣಿಗೆ ಕಾಣುವುದೇ ಇಲ್ಲ. ಗಿಡ ಕಿತ್ತಾಗ ಬೇರಿನಲ್ಲಿ ಕಾಣುವ ಗಂಟುಗಳಿಂದ ಅದರ ಇರವು ತಿಳಿಯುತ್ತದೆ.

ಕೊಡುವವರು ಪಾಲಿಸಬೇಕಾದ ಅಂಶಗಳು:

- ಆರೋಗ್ಯವಂತ ತಾಯಿಗಿಡದಿಂದಲೇ ಕೊಂಬೆ ಕತ್ತರಿಸುವುದು. ಕತ್ತರಿಯನ್ನು ಪ್ರತಿ ಗಿಡಕ್ಕೂ ಸ್ಪಿರಿಟ್‌ನಿಂದ ಒರೆಸುವುದು
- ಸಾಧ್ಯವಾದಷ್ಟೂ ಮಣ್ಣಿಲ್ಲದೆ, ಒದ್ದೆ ಬಟ್ಟೆ ಅಥವಾ ಕಾಗದದಲ್ಲಿ ಸುತ್ತಿ ಕೊಡುವುದು
- ಗಿಡದ ಹೆಸರು, ಬಣ್ಣ, ಬೇಕಾದ ಬಿಸಿಲು, ಬೀಜವಾದರೆ ತೆಗೆದ ತಿಂಗಳು ಮತ್ತು ವರ್ಷ ಬರೆದ ಚೀಟಿ ಅಂಟಿಸುವುದು
- ಅಂಗಡಿಯ ಹೈಬ್ರಿಡ್ ತಳಿಯಿಂದ ತೆಗೆದ ಬೀಜವಾದರೆ ಹಾಗೆಂದೇ ತಿಳಿಸುವುದು. ಅದರ ಸಂತಾನ ತಾಯಿಯಂತೆ ಇರುವುದಿಲ್ಲ

ಪಡೆದವರು ಹೊಸ ಗಿಡವನ್ನು ಎರಡು-ಮೂರು ವಾರ ಉಳಿದ ಗಿಡಗಳಿಂದ ದೂರವಿಟ್ಟು ಎಲೆಯ ಅಡಿಭಾಗ, ಗೆಣ್ಣುಗಳನ್ನು ಗಮನಿಸಬೇಕು. ಇದನ್ನು ಕೊಟ್ಟವರ ಮೇಲಿನ ಅಪನಂಬಿಕೆ ಎಂದು ಯಾರೂ ಭಾವಿಸಬೇಕಿಲ್ಲ.

ಗಡಿ ದಾಟುವ ಕೊಂಬೆ

ಸ್ನೇಹದ ಕೊಂಬೆಯೊಂದು ಎಷ್ಟು ದೊಡ್ಡ ಅನಾಹುತಕ್ಕೆ ಕಾರಣವಾಗಬಲ್ಲದು ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಪ್ರಸಂಗ ಉದಾಹರಣೆ. ನಿಂಬೆ, ಕಿತ್ತಳೆ ಜಾತಿಯ ಮರಗಳಿಗೆ ತಗಲುವ ಗ್ರೀನಿಂಗ್ ರೋಗಕ್ಕೆ ಔಷಧವಿಲ್ಲ. ಹಣ್ಣು ಸೊಟ್ಟಗಾಗಿ, ಹಸಿರಾಗಿಯೇ ಉಳಿದು, ಕಹಿಯಾಗುತ್ತದೆ. 2005ರಲ್ಲಿ ಫ್ಲಾರಿಡಾದಲ್ಲಿ ಪತ್ತೆಯಾದ ಈ ರೋಗ ಅಲ್ಲಿನ ಕಿತ್ತಳೆ ಉದ್ಯಮವನ್ನೇ ಕುಗ್ಗಿಸಿತು. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದು ಮೊದಲು ಕಂಡದ್ದು ಯಾವುದೋ ದೊಡ್ಡ ತೋಟದಲ್ಲಿ ಅಲ್ಲ. ಲಾಸ್ ಏಂಜಲೀಸ್ ಕೌಂಟಿಯ ಹಾಸಿಯೆಂಡಾ ಹೈಟ್ಸ್ ಎಂಬಲ್ಲಿ, ಮನೆಯ ಹಿತ್ತಲಿನ, ಹಲವು ತಳಿಗಳ ಕಸಿ ಮಾಡಿದ್ದ ಒಂದು ಮರದಲ್ಲಿ. ಸೋಂಕಿತ ಕಸಿಕಡ್ಡಿಯೊಂದಿಗೆ ರೋಗ ಬಂದಿರಬೇಕೆಂಬ ಅನುಮಾನ ಆಗ ವ್ಯಕ್ತವಾಯಿತು.

ಕನ್ನಡಿಗರಿಗೂ ಇದಕ್ಕೂ ನೇರ ಸಂಬಂಧವಿದೆ. ಭೌಗೋಳಿಕ ಸೂಚಿಕೆ ಪಡೆದಿರುವ ಕೊಡಗಿನ ಕಿತ್ತಳೆಯ ಅವನತಿಗೆ ಹೇಳಲಾಗುವ ಕಾರಣಗಳಲ್ಲಿ ಗ್ರೀನಿಂಗ್ ರೋಗವೂ ಒಂದು. ರೋಗ ಹರಡುವ ಸಿಲ್ಲಿಡ್ ಕೀಟ ಕರಿಬೇವಿನ ಗಿಡದ ಮೇಲೂ ಸಂತಾನ ಬೆಳೆಸುತ್ತದೆ. ಪ್ರಯಾಣಿಕರು ಹಸಿ ಕರಿಬೇವನ್ನು ಅಮೆರಿಕಕ್ಕೆ ಒಯ್ಯಲು ಅಲ್ಲಿನ ಕೃಷಿ ಇಲಾಖೆ ನಿರ್ಬಂಧ ವಿಧಿಸಿರುವುದು ಈ ಕಾರಣಕ್ಕೆ. ಒಗ್ಗರಣೆಗೆಂದು ಮಗಳ ಮನೆಗೆ ಒಯ್ಯುವ ಒಂದು ಸಸಿ ತಾಯಿಗೆ ಪ್ರೀತಿಯ ಕುರುಹು. ವಿಮಾನ ನಿಲ್ದಾಣದ ಅಧಿಕಾರಿಗೆ ರೋಗವಾಹಕ. ಇಬ್ಬರೂ ತಮ್ಮ ನೆಲೆಯಲ್ಲಿ ಸರಿಯೇ. ಹೊರದೇಶದಿಂದ ಭಾರತಕ್ಕೆ ಗಿಡ, ಬೀಜ ತರುವುದಕ್ಕೂ 2003ರ ಸಸ್ಯ ಸಂಪರ್ಕ ನಿಷೇಧ ಆದೇಶದ ಪ್ರಕಾರ ಪರವಾನಗಿ ಹಾಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು.

ಬೇಗ ಹಬ್ಬುವ ಗಿಡಗಳನ್ನು ಹಂಚುವಾಗಲೂ ಯೋಚಿಸಬೇಕು. ಬೆಂಗಳೂರಿನ ಕೆರೆಗಳನ್ನು ಮುಚ್ಚುವ ಜಲಕಳೆ ವಾಟರ್ ಹಯಸಿಂತ್, ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳನ್ನು ಆವರಿಸಿರುವ ಲಂಟಾನ, ಎರಡೂ ಭಾರತಕ್ಕೆ ಬಂದದ್ದು ಹೂವಿನ ಚೆಲುವಿಗಾಗಿ, ಉದ್ಯಾನಗಳ ಅಲಂಕಾರಕ್ಕಾಗಿ. ಆಗ ಅವನ್ನು ತಂದವರೂ ಗಿಡಪ್ರೇಮಿಗಳೇ.

ಕೇಳಿ ಪಡೆಯುವುದು, ಹೆಸರು ಉಳಿಸುವುದು

ಕದ್ದು ತಂದ ಗಿಡ ಚೆನ್ನಾಗಿ ಬೆಳೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಮನಿಪ್ಲಾಂಟ್ ವಿಷಯದಲ್ಲಂತೂ ಅದು ಬಲವಾಗಿದೆ. ಗೆಳೆಯರ ನಡುವೆ ಅದು ತಮಾಷೆ. ಸಾರ್ವಜನಿಕ ಉದ್ಯಾನದಲ್ಲಿ ಹಾಗಲ್ಲ: ಅಪರೂಪದ ಗಿಡದಿಂದ ಸಾವಿರ ಮಂದಿ ಒಂದೊಂದು ಚಿಗುರು ಚಿವುಟಿದರೆ ಗಿಡವೇ ಉಳಿಯದು. ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಸಸಿಗಳು ಅಲ್ಪ ಬೆಲೆಗೆ ದೊರೆಯುವಾಗ ಈ ಕಳವಿಗೆ ಸಮರ್ಥನೆಯೂ ಇಲ್ಲ.

ಬೀಜ ಹಂಚಿಕೆಗೆ ಕಾನೂನಿನ ಅಡ್ಡಿಯಿದೆಯೇ ಎಂಬ ಅನುಮಾನ ಕೆಲವರಿಗಿದೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, ಬೀಜ ಉಳಿಸಿಕೊಳ್ಳುವ, ವಿನಿಮಯ ಮಾಡುವ, ಹಂಚುವ ರೈತರ ಹಕ್ಕನ್ನು ಸ್ಪಷ್ಟವಾಗಿ ಮಾನ್ಯ ಮಾಡಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರಿನಲ್ಲಿ ಮಾರಲು ಮಾತ್ರ ಅವಕಾಶವಿಲ್ಲ.

ಗಿಡ ಯಾರಿಂದ ಬಂದಿತೆಂಬುದನ್ನು ನೆನಪಿಡುವುದೂ ಶಿಷ್ಟಾಚಾರ. ತುಮಕೂರು ಜಿಲ್ಲೆಯ ರೈತ ಕುಟುಂಬವೊಂದರ ಜಮೀನಿನಲ್ಲಿದ್ದ, ತಾಮ್ರಗೆಂಪು ತೊಳೆಗಳ ಹಲಸಿನ ಮರವನ್ನು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿದಾಗ, ತಳಿಗೆ ಆ ಕುಟುಂಬದ ಹಿರಿಯರ ಹೆಸರಿನಿಂದಲೇ "ಸಿದ್ದು" ಎಂದು ಹೆಸರಿಡಲಾಯಿತು. 2017ರಲ್ಲಿ ಒಪ್ಪಂದವಾಗಿ, ಕಸಿ ಗಿಡಗಳ ಮಾರಾಟದ ಆದಾಯದಲ್ಲಿ ರೈತನಿಗೂ ಪಾಲು ದೊರೆಯಿತು. ದೊಡ್ಡ ಸಂಸ್ಥೆ ಪಾಲಿಸಿದ ಈ ಮರ್ಯಾದೆಯನ್ನು ಬಾಲ್ಕನಿಯ ತೋಟದವರೂ ಪಾಲಿಸಬಹುದು: ಪಡೆದ ಗಿಡವನ್ನು ಮುಂದೆ ಕೊಡುವಾಗ ಮೊದಲು ಕೊಟ್ಟವರ ಹೆಸರನ್ನೂ ಹೇಳುವುದು.

ಸೋಲನ್ನೂ ತಿಳಿಸಬೇಕು

ಸಲಹೆ ಪಡೆದವರು ಅದರ ಫಲವನ್ನು ಹಿಂತಿರುಗಿ ತಿಳಿಸುವುದು ಈ ಒಡನಾಟದಲ್ಲಿ ಬಹಳ ಮುಖ್ಯ, ಬಹಳ ಅಪರೂಪ. ಗಿಡ ಬದುಕಿದರೆ ಹೇಳಬೇಕು, ಸತ್ತರೂ ಹೇಳಬೇಕು. ಗಿಡ ಸತ್ತ ಸುದ್ದಿ ತಿಳಿಯದಿದ್ದರೆ ತಪ್ಪು ಸಲಹೆಯೇ ಮುಂದಿನ ಹತ್ತು ಮಂದಿಗೂ ಹೋಗುತ್ತದೆ. ಹಾಗೆಯೇ ಕೊಟ್ಟವರು "ಇನ್ನೂ ಬದುಕಿದೆಯೇ" ಎಂದು ಪದೇ ಪದೇ ವಿಚಾರಿಸಿ ಪಡೆದವರನ್ನು ಮುಜುಗರಕ್ಕೆ ಈಡುಮಾಡಬಾರದು.

ಕೊಡುವುದರಿಂದ ಕೊಟ್ಟವರಿಗೇ ಆಗುವ ಒಂದು ಲಾಭವಿದೆ. ಮಲೆನಾಡಿನ ಹೊಳೆದಂಡೆಗಳಲ್ಲಿದ್ದ ಅಪ್ಪೆಮಿಡಿಯ ಹಳೆಯ ಮರಗಳು ಒಂದೊಂದಾಗಿ ಉರುಳಿದರೂ ಹಲವು ತಳಿಗಳ ಪರಿಮಳ ಇಂದಿಗೂ ಉಪ್ಪಿನಕಾಯಿ ಭರಣಿಯಲ್ಲಿ ಉಳಿದಿರುವುದು, ಆಸಕ್ತರು ಕಸಿಕಡ್ಡಿ ಹಂಚಿಕೊಂಡು ತಮ್ಮ ತಮ್ಮ ತೋಟಗಳಲ್ಲಿ ಬೆಳೆಸಿದ್ದರಿಂದ. ಒಬ್ಬರಲ್ಲಿಯೇ ಇರುವ ಗಿಡ ಒಂದು ಬೇಸಿಗೆಗೆ, ಒಂದು ರೋಗಕ್ಕೆ, ಮನೆ ಬದಲಿಸುವ ಒಂದು ದಿನಕ್ಕೆ ಇಲ್ಲವಾಗಬಹುದು. ಹತ್ತು ಮನೆಯಲ್ಲಿರುವ ಗಿಡಕ್ಕೆ ಅಷ್ಟು ಸುಲಭವಾಗಿ ಸಾವಿಲ್ಲ.

ಮನೆ ಕೆಡವಿ ಕಟ್ಟಿಸುವಾಗ ತಾಯಿಗಿಡ ಕಳೆದುಕೊಂಡವರು, ಹಿಂದೊಮ್ಮೆ ತಾವೇ ಎಲೆ ಕೊಟ್ಟಿದ್ದ ನೆರೆಮನೆಗೆ ಹೋಗಿ "ನಮಗೂ ಒಂದು ಎಲೆ ಕೊಡಿ" ಎಂದು ಕೇಳುವುದುಂಟು. ಹಾಗೆ ಮರಳಿ ಬಂದ ಬ್ರಹ್ಮಕಮಲ ಅರಳಿದ ರಾತ್ರಿ ಮೊದಲು ಕರೆ ಹೋಗುವುದು ಆ ನೆರೆಮನೆಗೇ.